ರೊಟ್ಟಿ ಬಡಿಯುವ ಸಪ್ಪಳಕ್ಕೆ ಏಳುವ ಹಸಿವು

ನವರಾತ್ರಿಯಲ್ಲಿ ಘಟ ಕೂಡಿಸಿದ ದಿನದಿಂದ ದಸರೆಯವರೆಗೆ ನಮ್ಮ ಅವ್ವ ಹಾಲು, ಬಾಳೆಹಣ್ಣು, ನೀರಿನ ಮೇಲೆಯೇ ಇರುತ್ತಿದ್ದಳು. ಕಲಬುರಗಿಯ ನಮ್ಮ ಓಣಿಯಲ್ಲಿ ಹೀಗೆ ಉಪವಾಸ ಹಿಡಿಯುವ ಹೆಣ್ಣುಮಕ್ಕಳು ಇಂದಿಗೂ ಅನೇಕರಿದ್ದಾರೆ. ನಸುಕಿನಿಂದ ದಣಿವಿಲ್ಲದೆ ಕೆಲಸ ಮಾಡುತ್ತಿದ್ದ ಅವ್ವನಿಗೆ, ಹನ್ನೊಂದರ ಸುಮಾರಿಗೆ ಪಕ್ಕದ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿದೊಡನೆ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತಿತ್ತು. ಅದನ್ನು ತನ್ನ ಭಕ್ತಿಯ ಕೊರತೆಯೆಂದೇ ತಿಳಿದು ಅವಳು ದೇವಿಯ ಮುಂದೆ ಗಲ್ಲ ಗಲ್ಲ ಬಡಿದುಕೊಳ್ಳುತ್ತಿದ್ದಳು. ಹಸಿವನ್ನು ಪಾಪವೆಂದು ನಂಬಿ ಕೊರಗುವವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಆ ಹೊತ್ತಿನ ಹಸಿವನ್ನು ಎಬ್ಬಿಸುವುದು ದೇಹದ ಗಡಿಯಾರ ಮತ್ತು ಮನಸ್ಸಿನ ನೆನಪು.

ಹೊಟ್ಟೆ ಖಾಲಿಯಾಗುವುದೇ ಹಸಿವು ಎಂಬ ತಿಳಿವಳಿಕೆ ವಿಜ್ಞಾನಿಗಳಲ್ಲಿಯೂ ಬಹುಕಾಲ ಇತ್ತು. 1912ರಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಅವರ ಶಿಷ್ಯ ವಾಶ್‌ಬರ್ನ್ ಒಂದು ಬಲೂನನ್ನು ನುಂಗಿ, ಜಠರವು ಅದನ್ನು ಹಿಂಡಿದಾಗಲೆಲ್ಲ ತನಗೆ ಹಸಿವಿನ ನೋವು ಕಾಣಿಸುವುದನ್ನು ದಾಖಲಿಸಿದರು. ಆದರೆ ಶಸ್ತ್ರಚಿಕಿತ್ಸೆಯಲ್ಲಿ ಜಠರವನ್ನೇ ತೆಗೆಸಿಕೊಂಡವರಿಗೂ ಹಸಿವಾಗುತ್ತದೆ ಎಂದು ಮುಂದೆ ತಿಳಿದುಬಂದಾಗ ಆ ವಿವರಣೆ ಸಾಲದಾಯಿತು. ರಷ್ಯಾದ ಪಾವ್ಲೋವ್ ಅದಕ್ಕೂ ಮೊದಲೇ ಇನ್ನೊಂದು ದಾರಿ ತೋರಿಸಿದ್ದರು. ನುಂಗಿದ ಆಹಾರ ಜಠರವನ್ನು ತಲುಪದೆ ಕುತ್ತಿಗೆಯಿಂದಲೇ ಹೊರಬೀಳುವಂತೆ ಮಾಡಿದ ನಾಯಿಗಳಲ್ಲಿಯೂ ಜಠರರಸ ಧಾರಾಳವಾಗಿ ಸುರಿಯುತ್ತಿತ್ತು. ಆಹಾರವನ್ನು ಬರಿದೇ ತೋರಿಸಿದರೂ ಸುರಿಯುತ್ತಿತ್ತು. ಜೀರ್ಣಕ್ರಿಯೆಯ ಕುರಿತಾದ ಈ ಕೆಲಸಕ್ಕೆ ಅವರಿಗೆ 1904ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಅವ್ವನಿಗೆ ಕೇಳಿಸುತ್ತಿದ್ದ ಸಪ್ಪಳವೂ ಇದೇ ಬಗೆಯ ಕರೆಯಾಗಿತ್ತು.

ಈ ಕಥೆಯ ಅತ್ಯಂತ ಸೊಗಸಾದ ಪಾತ್ರ ಗ್ರೆಲಿನ್ ಎಂಬ ಹಾರ್ಮೋನು. ಜಪಾನಿನ ಕೊಜಿಮಾ ಮತ್ತು ಕಂಗಾವಾ 1999ರಲ್ಲಿ ಇದನ್ನು ಪತ್ತೆಹಚ್ಚಿದರು. ಮುಖ್ಯವಾಗಿ ಜಠರದಿಂದ ಹೊರಟು ಮಿದುಳಿಗೆ ಹಸಿವಿನ ಸುದ್ದಿ ಮುಟ್ಟಿಸುವ ಈ ಹಾರ್ಮೋನು ಊಟಕ್ಕೆ ಮೊದಲು ಏರಿ, ಉಂಡ ಮೇಲೆ ಇಳಿಯುತ್ತದೆ. ಹಾಗಾದರೆ ಉಣ್ಣದೇ ಇದ್ದರೆ ಅದು ಏರುತ್ತಲೇ ಹೋಗಬೇಕಲ್ಲವೇ? 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತರನ್ನು 33 ಗಂಟೆ ಉಪವಾಸವಿರಿಸಿ ಮತ್ತೆ ಮತ್ತೆ ರಕ್ತ ಪರೀಕ್ಷಿಸಿದಾಗ, ಗ್ರೆಲಿನ್ ನಾಷ್ಟಾದ ಹೊತ್ತಿಗೆ, ಮಧ್ಯಾಹ್ನದ ಮತ್ತು ಸಂಜೆಯ ಊಟದ ಹೊತ್ತಿಗೆ ಏರಿ, ಒಂದು ತುತ್ತೂ ಒಳಗೆ ಹೋಗದಿದ್ದರೂ ತಾನಾಗಿಯೇ ಇಳಿದದ್ದು ಕಂಡಿತು. ದಿನವೂ ಹಿಂಡಿ ಇಡುವ ಹೊತ್ತಿಗೆ ಎಮ್ಮೆ ಗೋದಲಿಯ ಕಡೆ ತಿರುಗಿ ಒದರುತ್ತದೆ. ಯಾರೂ ಬಾರದಿದ್ದರೆ ಸ್ವಲ್ಪ ಹೊತ್ತಿಗೆ ಸುಮ್ಮನಾಗಿ ಮೆಲುಕು ಹಾಕುತ್ತದೆ. ಹಾಲಿನವನು ಬಾಗಿಲು ಬಡಿದು, ತೆರೆಯದಿದ್ದರೆ ಮುಂದಿನ ಮನೆಗೆ ಹೋಗುತ್ತಾನೆ, ನಾಳೆ ಅದೇ ಹೊತ್ತಿಗೆ ಮತ್ತೆ ಬರುತ್ತಾನೆ. ಗ್ರೆಲಿನ್ ಬರುವುದೂ ಹೋಗುವುದೂ ಹೀಗೆಯೇ. ಬಾಗಿಲು ಬಡಿದ ಸದ್ದಿಗೆ ಹೆದರಿ, ಇನ್ನು ಇದು ಹೆಚ್ಚುತ್ತಲೇ ಹೋಗುತ್ತದೆ ಎಂದು ಭಾವಿಸುವುದರಿಂದಲೇ ಅನೇಕರು ಕಂಗಾಲಾಗುತ್ತಾರೆ.

ಈ ಗಡಿಯಾರಕ್ಕೆ ಕೀಲಿ ಕೊಡುವುದು ನಮ್ಮದೇ ರೂಢಿ. ಯಾರಿಗೆ ಎಷ್ಟು ಹೊತ್ತಿನ ಅಂತರದಲ್ಲಿ ಉಣ್ಣುವ ಅಭ್ಯಾಸವಿದೆಯೋ ಅದಕ್ಕೆ ತಕ್ಕಂತೆ ಅವರ ಗ್ರೆಲಿನ್ ಏರುವ ಹೊತ್ತೂ ಬದಲಾಗುತ್ತದೆ ಎಂದು 2008ರ ಇನ್ನೊಂದು ಅಧ್ಯಯನ ಸೂಚಿಸಿತು. ಬಂದೇನವಾಜ್ ದರ್ಗಾದ ಸುತ್ತಲಿನ ಓಣಿಗಳಲ್ಲಿ ರೋಜಾ ಹಿಡಿಯುವ ಗೆಳೆಯರು, ಮೊದಲ ಮೂರು ನಾಲ್ಕು ದಿನ ದಾಟಿದರೆ ಮಧ್ಯಾಹ್ನದ ಹಸಿವು ಸಡಿಲವಾಗುತ್ತದೆ ಎನ್ನುವುದನ್ನು ನಾನು ವರ್ಷಗಳಿಂದ ಕೇಳಿದ್ದೇನೆ. ಸಹರಿ ಮತ್ತು ಇಫ್ತಾರಿನ ಹೊಸ ವೇಳೆಗೆ ದೇಹ ಹೊಂದಿಕೊಳ್ಳುವ ಬಗೆ ಅದು ಎಂದು ನನಗನ್ನಿಸುತ್ತದೆ.

ಗಡಿಯಾರದಷ್ಟೇ ಪಾಲು ನೆನಪಿನದೂ ಇದೆ. ಮನೋವಿಜ್ಞಾನಿ ಪಾಲ್ ರೋಜಿನ್ ಮತ್ತು ಸಂಗಡಿಗರು 1998ರಲ್ಲಿ ವರದಿ ಮಾಡಿದಂತೆ, ಈಗಷ್ಟೇ ನಡೆದದ್ದನ್ನು ನೆನಪಿಟ್ಟುಕೊಳ್ಳಲಾಗದ ಇಬ್ಬರು ರೋಗಿಗಳು, ಊಟ ಮುಗಿದ ಅರ್ಧ ಗಂಟೆಯೊಳಗೆ ಮತ್ತೊಂದು ಊಟ ಬಡಿಸಿದರೆ ಅದನ್ನೂ ಉಂಡರು. ಉಂಡೆನೆಂಬ ನೆನಪಿಗೆ ಹಸಿವನ್ನು ತಣಿಸುವ ಶಕ್ತಿಯಿದ್ದರೆ, ಉಂಡಿಲ್ಲವೆಂಬ ಅರಿವಿಗೆ ಅದನ್ನು ಕೆರಳಿಸುವ ಶಕ್ತಿಯೂ ಇರಲೇಬೇಕು.

ಹಾಗೆಂದು ಮನಸ್ಸಿನ ಹಸಿವೆಲ್ಲ ಸುಳ್ಳು ಹಸಿವು ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. 1944-45ರಲ್ಲಿ ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ 36 ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ಪರೀಕ್ಷಿಸಿದಾಗ, ಅವರ ತೂಕ ಕಾಲುಭಾಗದಷ್ಟು ಇಳಿಯಿತು. ಅನ್ನದ ವಿಚಾರ ಬಿಟ್ಟು ಬೇರೇನೂ ಅವರ ತಲೆಯಲ್ಲಿ ನಿಲ್ಲದಾಯಿತು. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಹಾಕತೊಡಗಿದರು. ಅಲ್ಲಿ ಮನಸ್ಸು ಹೇಳುತ್ತಿದ್ದುದು ದೇಹದ ನಿಜವಾದ ಸಂಕಷ್ಟವನ್ನೇ.

ಹೊತ್ತಿಗೆ ಸರಿಯಾಗಿ ಬಂದ ಹಸಿವನ್ನು ಅದುಮಿಡಲು ಹೋಗಬಾರದು. ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿಸಿಕೊಂಡವರಿಗೆ ಅದೇ ಮತ್ತೆ ಮತ್ತೆ ನೆನಪಾದದ್ದನ್ನು ಡೇನಿಯಲ್ ವೆಗ್ನರ್ 1987ರಲ್ಲಿ ತೋರಿಸಿದ್ದಾರೆ. ತಿನ್ನುವ ಹಂಬಲ ಮನಸ್ಸಿನಲ್ಲಿ ಹೆಚ್ಚಾಗಿ ಚಿತ್ರಗಳಾಗಿ ಬೆಳೆಯುತ್ತದೆ: ಉಬ್ಬಿದ ರೊಟ್ಟಿ, ಅದರ ಮೇಲೆ ಕರಗುವ ಬೆಣ್ಣೆ, ಪಕ್ಕದಲ್ಲಿ ಪುಂಡಿಪಲ್ಲೆ. ಆದ್ದರಿಂದ ಕಣ್ಣು ಕೈಗಳೆರಡನ್ನೂ ಬೇಡುವ ಕೆಲಸ ಹಿಡಿದರೆ ಆ ಚಿತ್ರಕ್ಕೆ ಜಾಗವಿಲ್ಲದಾಗುತ್ತದೆ. ಕೊನೆಯ ವರ್ಷಗಳಲ್ಲಿ ಅವ್ವ ರೊಟ್ಟಿಯ ಹೊತ್ತಿಗೆ ಹೊರಗಿನ ಕಟ್ಟೆಗೆ ಬಂದು ದೀಪದ ಬತ್ತಿ ಹೊಸೆಯುತ್ತ ಕೂಡುತ್ತಿದ್ದಳು, ಅರ್ಧ ಗಂಟೆಯಲ್ಲಿ ಸಂಕಟ ಹೋಗುತ್ತದೆ ಎನ್ನುತ್ತಿದ್ದಳು. ಅದೇ ಹೊತ್ತಿನಲ್ಲಿ ಮೊಬೈಲಿನಲ್ಲಿ ಅಡುಗೆಯ ವಿಡಿಯೋ ನೋಡುವುದು ಹಂಬಲಕ್ಕೆ ನಾವೇ ಚಿತ್ರ ಒದಗಿಸಿದಂತೆ.

ಆದರೆ ಕೈ ನಡುಕ, ತಣ್ಣನೆಯ ಬೆವರು, ಕಣ್ಣು ಕತ್ತಲೆ, ಮಾತು ತೊದಲುವುದು ಇವೆಲ್ಲ ಹೊತ್ತು ಕಾದರೆ ಹೋಗುವ ಹಸಿವಿನ ಲಕ್ಷಣಗಳಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ಆಗ ಕೂಡಲೇ ಸಕ್ಕರೆ ಬಾಯಿಗೆ ಹಾಕಿಕೊಳ್ಳಬೇಕು. ಉಪವಾಸ ಕ್ಯಾನ್ಸರನ್ನು ಗುಣಪಡಿಸುತ್ತದೆಂದು ನೊಬೆಲ್ ಪ್ರಶಸ್ತಿಯೇ ಹೇಳಿದೆ ಎಂಬ ವಾಟ್ಸಾಪ್ ಸಂದೇಶಗಳು ನಮ್ಮ ಕಡೆಯೂ ಹರಿದಾಡುತ್ತಿವೆ. ಜಪಾನಿನ ಓಸುಮಿ ಅವರಿಗೆ 2016ರಲ್ಲಿ ಪ್ರಶಸ್ತಿ ಬಂದದ್ದು, ಜೀವಕೋಶವು ತನ್ನ ಭಾಗಗಳನ್ನೇ ಒಡೆದು ಮರುಬಳಸುವ ಕ್ರಿಯೆಯನ್ನು ಯೀಸ್ಟಿನಲ್ಲಿ ಬಿಡಿಸಿ ತೋರಿಸಿದ್ದಕ್ಕೆ. ಅದರಲ್ಲಿ ರೋಗಿಗಳ ಉಪವಾಸದ ಮಾತಿಲ್ಲ. ಐದಾರು ದಿನ ಬರೀ ನೀರಿನ ಮೇಲೆಯೇ ಇದ್ದವರು ಒಮ್ಮೆಲೇ ಹೊಟ್ಟೆ ತುಂಬ ಉಂಡರೆ ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೇ ಅಪಾಯವಾಗಬಹುದು. ಅಂಥವರ ಪಾರಣೆ ವೈದ್ಯರನ್ನು ಕೇಳಿಕೊಂಡು, ತೆಳ್ಳನೆಯ ಗಂಜಿಯ ನಾಲ್ಕು ಗುಟುಕಿನಿಂದ ಆರಂಭವಾಗಬೇಕು.