ಅಲ್ಟ್ರಾಸಾನಿಕ್ ಕ್ಲೀನರ್ ತೊಟ್ಟಿಗೆ ಏನು ಹಾಕಬೇಕು, ಏನು ಹಾಕಬಾರದು

ಕೈಗಡಿಯಾರದ ಸ್ಟೀಲ್ ಪಟ್ಟಿಯನ್ನು ಬಿಚ್ಚಿ ಮೊದಲ ಸಲ ಅಲ್ಟ್ರಾಸಾನಿಕ್ ಕ್ಲೀನರ್‌ಗೆ ಇಳಿಸಿದಾಗ ಕಂಡದ್ದು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೇಲೆ ನೋಡಿದರೆ ಪಟ್ಟಿ ಚೊಕ್ಕವಾಗೇ ಇತ್ತು. ಗುಂಡಿ ಒತ್ತಿದೆ, ಜೀ ಅಂತ ಸದ್ದು ಬಂತು, ಮರುಕ್ಷಣವೇ ಒಂದೊಂದು ಕೊಂಡಿಯ ಸಂದಿಯಿಂದಲೂ ಊದುಬತ್ತಿ ಹೊಗೆಯ ಹಾಗೆ ಕಂದು ಕೊಳೆ ಎಳೆ ಎಳೆಯಾಗಿ ಹೊರಗೆ ಬರತೊಡಗಿತು. ಮೂರು ನಿಮಿಷಕ್ಕೆ ನೀರೆಲ್ಲ ಹಾಲು ಹಾಕದ ಚಹಾದ ಬಣ್ಣ. ವರ್ಷಗಟ್ಟಲೆ ಕೂತಿದ್ದ ಬೆವರು, ಜಿಡ್ಡು, ಧೂಳು ಅದು. ಬ್ರಷ್ಷಿನ ಒಂದು ಕೂದಲೂ ಹೋಗದ ಜಾಗ.

ಈ ಯಂತ್ರ ಕೊಂಡವರೆಲ್ಲ ಕೇಳುವ ಮೊದಲ ಪ್ರಶ್ನೆ, ಇದಕ್ಕೆ ಯಾವ ಲಿಕ್ವಿಡ್ ಹಾಕಬೇಕು ಅಂತ. ಕೇಳಬೇಕಾದ ಪ್ರಶ್ನೆಯೇ. ಯಂತ್ರಕ್ಕೆ ಗೊತ್ತಿರೋದು ನಡುಗಿಸುವುದೊಂದೇ. ತೊಳೆಯುವ ಕೆಲಸವೆಲ್ಲ ಒಳಗಿರುವ ನೀರಿನದು.

ತೊಟ್ಟಿಯ ತಳಕ್ಕೆ ಅಂಟಿಸಿರುವ ಒಂದು ಬಿಲ್ಲೆ ಸೆಕೆಂಡಿಗೆ ಸುಮಾರು 40,000 ಸಲ ನಡುಗುತ್ತದೆ. ನಮ್ಮ ಕಿವಿ ಹಿಡಿಯುವುದು ಹೆಚ್ಚೆಂದರೆ 20,000ದವರೆಗೆ. ನಮಗೆ ಕೇಳುವ ಜೀ ಸದ್ದು ಗುಳ್ಳೆಗಳ ಗದ್ದಲ. ಅಲೆ ನೀರನ್ನು ಒಂದು ಸಲ ಒತ್ತುತ್ತದೆ, ಒಂದು ಸಲ ಹಿಗ್ಗಿಸುತ್ತದೆ. ಹಿಗ್ಗಿಸಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆ ಹುಟ್ಟುತ್ತದೆ, ಒತ್ತಿದಾಗ ಒಳಕ್ಕೆ ಕುಸಿಯುತ್ತದೆ. ಆ ಕುಸಿತದ ಒಂದು ಕ್ಷಣ ಗುಳ್ಳೆಯೊಳಗೆ ಸಾವಿರಾರು ಡಿಗ್ರಿ ಬಿಸಿ ಇರುತ್ತದೆ, ಆದರೆ ಗುಳ್ಳೆ ಎಷ್ಟು ಸಣ್ಣದು ಅಂದರೆ ಪಕ್ಕದ ನೀರಿಗೆ ಅದು ಗೊತ್ತೇ ಆಗುವುದಿಲ್ಲ. ವಸ್ತುವಿನ ಮೈ ಪಕ್ಕದಲ್ಲಿ ಕುಸಿಯುವ ಗುಳ್ಳೆ ಸೂಜಿಯಂಥ ನೀರಿನ ಚಿಲುಮೆಯನ್ನು ಅದರ ಕಡೆಗೇ ಚಿಮ್ಮಿಸುತ್ತದೆ. ಕೊಳೆ ಏಳುವುದು ಆ ಏಟಿಗೆ.

ಇದೇ ಗುಳ್ಳೆಗಳು ಹಡಗಿನವರಿಗೆ ಬಹಳ ಕಾಟ ಕೊಟ್ಟಿದ್ದವು. 1890ರ ದಶಕದಲ್ಲಿ ಬ್ರಿಟನ್ನಿನ 'ಡೇರಿಂಗ್' ಎಂಬ ಯುದ್ಧನೌಕೆ ಮೊದಮೊದಲ ಪರೀಕ್ಷೆಗಳಲ್ಲಿ ಅಂದುಕೊಂಡಷ್ಟು ವೇಗಕ್ಕೆ ಏರಲೇ ಇಲ್ಲ. ಪ್ರೊಪೆಲ್ಲರ್ ಸುತ್ತ ಹುಟ್ಟುತ್ತಿದ್ದ ಗುಳ್ಳೆಗಳೇ ಅದಕ್ಕೆ ಕಾರಣ. ಇಂಥ ಗುಳ್ಳೆ ಕುಸಿದಾಗ ಎಷ್ಟು ಒತ್ತಡ ಹುಟ್ಟುತ್ತದೆ ಅಂತ 1917ರಲ್ಲಿ ಭೌತವಿಜ್ಞಾನಿ ಲಾರ್ಡ್ ರ‍್ಯಾಲೇ ಲೆಕ್ಕ ಹಾಕಿ ತೋರಿಸಿದರು. ಗಟ್ಟಿ ಲೋಹದ ಪ್ರೊಪೆಲ್ಲರನ್ನೇ ತೂತು ತೂತು ಮಾಡುವ ಶಕ್ತಿ ಅದು, ಹದದಲ್ಲಿಟ್ಟರೆ ಕನ್ನಡಕ ತೊಳೆಯುತ್ತದೆ.

ನಿಮ್ಮ ಯಂತ್ರದಲ್ಲಿ ಈ ಶಕ್ತಿ ಇದೆಯೋ ಇಲ್ಲವೋ ನೋಡಬೇಕಾ? ಚಪಾತಿ ಸುತ್ತುವ ಫಾಯಿಲ್‌ನ ಒಂದು ತುಂಡನ್ನು ನೀರಿಗೆ ಇಳಿಬಿಟ್ಟು ಹಿಡಿದು ಒಂದೆರಡು ನಿಮಿಷ ಓಡಿಸಿ. ಬೆರಳು ಮಾತ್ರ ನೀರಿಗೆ ತಾಕಬಾರದು. ಆಮೇಲೆ ಫಾಯಿಲನ್ನು ಬೆಳಕಿಗೆ ಹಿಡಿದರೆ ಸೂಜಿಮೊನೆಯಂಥ ತೂತುಗಳು, ಸುಕ್ಕುಗಳು ಕಾಣಬೇಕು. ತೀರಾ ಅಗ್ಗದ ಕೆಲವು ಯಂತ್ರಗಳಲ್ಲಿ ಸಣ್ಣ ಮೋಟರ್ ಸುಮ್ನೆ ಗಡಗಡ ನಡುಗುತ್ತಿರುತ್ತದೆ, ಫಾಯಿಲ್‌ಗೆ ಏನೂ ಆಗುವುದಿಲ್ಲ.

ನಲ್ಲಿಯಿಂದ ಆಗಷ್ಟೇ ಹಿಡಿದ ನೀರಿನಲ್ಲಿ ಗಾಳಿ ಕರಗಿರುತ್ತದೆ. ಅದು ಗುಳ್ಳೆಯೊಳಗೆ ಸೇರಿ ದಿಂಬಿನ ಹಾಗೆ ಏಟನ್ನು ಮೆತ್ತಗೆ ಮಾಡುತ್ತದೆ. ಅದಕ್ಕೇ ವಸ್ತು ಹಾಕುವ ಮುಂಚೆ ಐದು ನಿಮಿಷ ಬರೀ ನೀರನ್ನು ಓಡಿಸಿ. ಕಾಯಿಸಿ ಆರಿಸಿದ ನೀರಾದರೆ ಇನ್ನೂ ಒಳ್ಳೆಯದು. ಲೋಹದ ವಸ್ತುವಿಗೆ 50ರಿಂದ 60 ಡಿಗ್ರಿ ಬಿಸಿ ಸಾಕು. ಅದಕ್ಕಿಂತ ತುಂಬಾ ಜಾಸ್ತಿ ಮಾಡಿದರೆ ಗುಳ್ಳೆಯೊಳಗೆ ಆವಿ ತುಂಬಿಕೊಂಡು ಏಟಿನ ಜೋರು ಕಡಿಮೆಯಾಗುತ್ತದೆ.

ಇನ್ನು ಲಿಕ್ವಿಡ್. ಹತ್ತರಲ್ಲಿ ಎಂಟು ಸಲ ಬೇಕಾಗುವುದು ಪಾತ್ರೆ ತೊಳೆಯುವ ಲಿಕ್ವಿಡ್ಡಿನ ನಾಲ್ಕೈದು ಹನಿ, ಅರ್ಧ ಲೀಟರ್ ನೀರಿಗೆ. ಬರೀ ನೀರು ತನ್ನ ಬಿಗಿಯಿಂದಾಗಿ ಸಣ್ಣ ಸಂದಿಗೆ ಇಳಿಯಲು ಹಿಂದೇಟು ಹಾಕುತ್ತದೆ, ಸೋಪು ಆ ಬಿಗಿ ಸಡಿಲಿಸುತ್ತದೆ. ಎದ್ದ ಜಿಡ್ಡು ಮತ್ತೆ ಹೋಗಿ ಅಂಟಿಕೊಳ್ಳದಂತೆಯೂ ನೋಡಿಕೊಳ್ಳುತ್ತದೆ. ನಮ್ಮ ಅಜ್ಜಿಯರು ಚಿನ್ನದ ಸರವನ್ನು ಅಂಟುವಾಳ ಕಾಯಿ ನೆನೆಸಿದ ನೀರಿನಲ್ಲಿ ತೊಳೆಯುತ್ತಿದ್ದರಲ್ವಾ, ಅದರ ನೊರೆ ಮಾಡುವುದೂ ಇದೇ ಕೆಲಸ. ಸೋಸಿ ಹಾಕಿದರೆ ಅದೂ ನಡೆಯುತ್ತದೆ. ಶಾಯಿ ಒಣಗಿದ ಪೆನ್ನಿನ ನಿಬ್ಬಿಗೆ ಬರೀ ನೀರೇ ಸಾಕು.

ಬೋರ್‌ವೆಲ್ ನೀರಿನ ಬಿಳಿ ಕಲೆಗೆ ಸೋಪು ಏನೂ ಮಾಡುವುದಿಲ್ಲ. ಅದು ಸುಣ್ಣದ ಕಲೆ, ಕರಗಿಸಲು ಹುಳಿ ಬೇಕು. ಅರ್ಧ ಲೀಟರಿಗೆ ಒಂದು ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ, ನಲ್ಲಿಯ ಜಾಲರಿಯನ್ನು ಬಿಚ್ಚಿ ಬಿಟ್ಟರೆ ಕೆಲವೇ ನಿಮಿಷದಲ್ಲಿ ಕಲೆ ಕರಗುತ್ತದೆ.

ನಾನು ತಪ್ಪು ಮಾಡಿದ್ದು ಇಲ್ಲೇ. ಅದೇ ಹುಳಿ ನೀರಿಗೆ ಅಮ್ಮನ ಹವಳದ ಸರವನ್ನೂ ಇಳಿಸಿಬಿಟ್ಟೆ. ತೆಗೆದಾಗ ಕೆಂಪೇನೋ ಇತ್ತು, ಹೊಳಪು ಹೋಗಿತ್ತು. ಬೆರಳಿಗೆ ಸೀಮೆಸುಣ್ಣ ಮುಟ್ಟಿದ ಹಾಗೆ ತರಿತರಿ. ನಲ್ಲಿಯ ಕಲೆ ಯಾವ ವಸ್ತುವೋ ಹವಳವೂ ಅದೇ, ಮುತ್ತೂ ಬಹುಪಾಲು ಅದೇ, ಕ್ಯಾಲ್ಸಿಯಂ ಕಾರ್ಬೋನೇಟ್. ಹುಳಿಗೆ ಅವುಗಳ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಮ್ಮ ಏನೂ ಅನ್ನಲಿಲ್ಲ, ನನಗೆ ಇವತ್ತಿಗೂ ಬೇಜಾರಿದೆ. ಹವಳ, ಮುತ್ತನ್ನು ಈ ಯಂತ್ರಕ್ಕೇ ಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಪಚ್ಚೆಯೂ ಬೇಡ, ಅದರ ಬಿರುಕುಗಳಲ್ಲಿ ಎಣ್ಣೆ ತುಂಬಿರುವುದೇ ಹೆಚ್ಚು. ಅರಗು ತುಂಬಿದ ಗುಂಡು, ಹಳೇ ಒಡವೆ ಇದ್ದರೆ ಬಿಸಿಗೆ ಅರಗು ಮೆತ್ತಗಾಗುತ್ತದೆ, ಅಂಟಿಸಿದ ಕಲ್ಲು ಅಲುಗಾಡುತ್ತದೆ. ಕನ್ನಡಕದ ಗಾಜಿನ ಲೇಪನ ಈಗಾಗಲೇ ಎದ್ದಿದ್ದರೆ ಇನ್ನಷ್ಟು ಏಳುತ್ತದೆ.

ಬೆಳ್ಳಿ ಗೆಜ್ಜೆ ಕಪ್ಪಾಗಿದೆ ಅಂತ ಯಂತ್ರಕ್ಕೆ ಹಾಕಿದರೆ ಕಪ್ಪು ಹೋಗುವುದಿಲ್ಲ. ಆ ಕಪ್ಪು ಮೇಲೆ ಕೂತ ಕೊಳೆಯಲ್ಲ, ಬೆಳ್ಳಿ ಗಂಧಕದ ಜೊತೆ ಸೇರಿ ಆದದ್ದು. ಬೇರೆ ಗಾಜಿನ ಪಾತ್ರೆಯಲ್ಲಿ ಫಾಯಿಲ್ ಹಾಸಿ, ಗೆಜ್ಜೆ ಅದಕ್ಕೆ ತಾಗುವಂತೆ ಇಟ್ಟು, ಬಿಸಿ ನೀರು, ಅಡುಗೆ ಸೋಡಾ ಹಾಕಿ. ಕೊಳೆತ ಮೊಟ್ಟೆಯ ಸಣ್ಣ ವಾಸನೆ ಬಂದರೆ ಗಂಧಕ ಬೆಳ್ಳಿಯನ್ನು ಬಿಡುತ್ತಿದೆ ಎಂದರ್ಥ. ಬೇಕೆಂದೇ ಕಪ್ಪು ಮಾಡಿದ ಆಕ್ಸಿಡೈಸ್ಡ್ ಒಡವೆಗೆ ಇದು ಬೇಡ, ಕುಸುರಿಯ ಅಂದವೇ ಹೋಗುತ್ತದೆ.

ತೊಟ್ಟಿಗೆ ಪೆಟ್ರೋಲ್, ಥಿನ್ನರ್, ಅಸಿಟೋನ್, ಸ್ಪಿರಿಟ್ ಯಾವತ್ತೂ ಸುರಿಯಬೇಡಿ. ಓಡುತ್ತಾ ಓಡುತ್ತಾ ತೊಟ್ಟಿ ಬಿಸಿಯಾಗುತ್ತದೆ, ಆವಿ ಏಳುತ್ತದೆ, ಕೆಳಗೇ ಕರೆಂಟ್ ಇದೆ. ಬ್ಲೀಚ್, ಟಾಯ್ಲೆಟ್ ತೊಳೆಯುವ ಆಸಿಡ್, ಉಪ್ಪುನೀರು ಸ್ಟೀಲ್ ತೊಟ್ಟಿಯನ್ನೇ ಕೊರೆಯುತ್ತವೆ. ಬ್ಲೀಚಿಗೆ ಹುಳಿ ಸೇರಿದರೆ ಕ್ಲೋರಿನ್ ವಿಷಗಾಳಿ ಬರುತ್ತದೆ. ವಾಷಿಂಗ್ ಸೋಡಾ ಅಲ್ಯೂಮಿನಿಯಂ ಭಾಗಗಳನ್ನು ಕಪ್ಪು ಮಾಡುತ್ತದೆ.

ವಸ್ತುವನ್ನು ಬುಟ್ಟಿಯಲ್ಲೇ ಇಡಿ, ತಳಕ್ಕೆ ತಾಗಿಸಬೇಡಿ. ನೀರಿಲ್ಲದೆ ಓಡಿಸಿದರೆ ಬಿಲ್ಲೆ ಸುಟ್ಟುಹೋಗುತ್ತದೆ. ಕೊನೆಗೆ, ಕಲ್ಲಿನ ಉಂಗುರ ತೊಳೆದ ನೀರನ್ನು ನೇರ ಸಿಂಕಿಗೆ ಸುರಿಯಬೇಡಿ. ಹಳೇ ಉಂಗುರದ ಕಲ್ಲು ಎಷ್ಟೋ ಸಲ ಕೊಳೆಯ ಹಿಡಿತದಲ್ಲೇ ನಿಂತಿರುತ್ತದೆ, ಕೊಳೆ ಹೋದ ಕೂಡಲೇ ಉದುರುತ್ತದೆ. ಕರೆಂಟಿನ ಪ್ಲಗ್ ಕಿತ್ತು, ಟೀ ಸೋಸುವ ಜಾಲರಿ ಹಿಡಿದು, ಅದರ ಮೇಲೆ ನಿಧಾನವಾಗಿ ಬಗ್ಗಿಸಿ.