ಕೆಟ್ಟ ಲೈನ್ ಹಾರಲಿ, ಜೋಡಿ ಲೈನ್ ಉಳೀಲಿ

ಕಲಬುರಗಿ ದಾಟಿ ಹೊರಗ ಬಂದ್ರ ತೊಗರಿ ಹೊಲದಾಗ ನಿಂತಿರೋ ದೊಡ್ಡ ಟವರ್ ಒಮ್ಮೆ ನಿಂತು ನೋಡ್ರಿ. ಎಡಕ್ಕ ಮೂರು ತಂತಿ, ಬಲಕ್ಕ ಮೂರು ತಂತಿ ಇದ್ರ ಅದು ಒಂದ ಟವರ್ ಮ್ಯಾಲ ಎರಡು ಲೈನ್. ಒಂದು ಕೆಟ್ರ ಇನ್ನೊಂದು ಊರು ನಡಸ್ಬೇಕು ಅಂತನ ಜೋಡಿ ಹಾಕಿರ್ತಾರ. ಸಿಡ್ಲು ಬಡಿತದ, ಇಲ್ಲಾ ಕೆಳಗ ಯಾರೋ ಕಬ್ಬಿನ ರವದಿ ಸುಡ್ತಾರ, ಆ ಹೊಗಿ ಒಳಗಿಂದ ಕರೆಂಟ್ ಜಿಗೀತದ, ಇದಕ್ಕ ಫಾಲ್ಟ್ ಅಂತಾರ. 220 ಕೆವಿ (ಕಿಲೋವೋಲ್ಟ್) ಲೈನ್ ಆದ್ರ 160 ಮಿಲಿಸೆಕೆಂಡ್ ಒಳಗ ಬ್ರೇಕರ್, ಅಂದ್ರ ಲೈನ್ ಕಡಿಯೋ ದೊಡ್ಡ ಸ್ವಿಚ್, ತೆರೀಬೇಕು ಅಂತ ನಿಯಮ ಅದ, ಅಂದ್ರ ಕರೆಂಟ್ ಬರೇ ಎಂಟು ಸುತ್ತು ಹಾಕೋದ್ರಾಗ.

ಬ್ರೇಕರಿಗೆ ತೆರಿ ಅಂತ ಹೇಳೋದು ರಿಲೇ, ಲೈನಿನ ತುದ್ಯಾಗ ಕುಂತು ಅದರ ಮ್ಯಾಲ ಕಣ್ಣಿಟ್ಟಿರೋ ಸಾಧನ. ವೋಲ್ಟೇಜನ್ನ ಕರೆಂಟಿಂದ ಭಾಗಿಸಿ ಫಾಲ್ಟ್ ಎಷ್ಟು ದೂರ ಅದ ಅಂತ ಲೆಕ್ಕ ಹಾಕ್ತದ, ಲೈನಿನ ಸುಮಾರು 80% ಒಳಗಿದ್ರ ತಡ ಮಾಡ್ದ ಬ್ರೇಕರ್ ತೆರಸ್ತದ.

ಆದ್ರ ಜೋಡಿ ಲೈನಿನಾಗ ಈ ಲೆಕ್ಕ ತಪ್ತದ. ದಿನಾ ಮೂರೂ ತಂತಿ ಕರೆಂಟ್ ಒಂದಕ್ಕೊಂದು ಹೊಡ್ಕೊಂಡು ಪಕ್ಕದ ಲೈನಿಗೆ ಹೆಚ್ಚು ತಟ್ಟಂಗಿಲ್ಲ, ಒಂದು ತಂತಿ ಭೂಮಿಗಿ ಮುಟ್ಟಿದಾಗ ಮಾತ್ರ ಆ ಸಮತೋಲ ಹೋಗಿ ಪಕ್ಕದ ಲೈನಿನ ಕರೆಂಟ್ ಇದ್ರಾಗ ವೋಲ್ಟೇಜ್ ಹುಟ್ಟಸ್ತದ, ರಿಲೇಗ ಫಾಲ್ಟ್ ಇದ್ದದ್ದಕ್ಕಿಂತ ದೂರ ಕಾಣ್ತದ. ಅದೇ ಪಕ್ಕದ ಲೈನ್ ರಿಪೇರಿಗಂತ ಬಂದ್ ಮಾಡಿ ಎರಡೂ ತುದಿ ಭೂಮಿಗಿ ಜೋಡ್ಸಿದ್ರ ಉಲ್ಟಾ, ಹತ್ರ ಕಾಣ್ತದ.

ನನಗ ಎಲ್ಲಕ್ಕಿಂತ ಕಠಿಣ ಅನ್ಸೋದು ಇದು: ಒಂದನೇ ಲೈನಿನಾಗ ದೂರದ ತುದಿ ಹತ್ರ ಫಾಲ್ಟ್ ಆಯ್ತು ಅನ್ರಿ, ಆ ತುದಿ ಬ್ರೇಕರ್ ಮೊದಲ ತೆರೀತದ, ಈ ತುದಿದು ಇನ್ನೂ ತೆರೆದಿಲ್ಲ, ಆ ಕ್ಷಣಕ್ಕ ಏನೂ ತಪ್ಪಿಲ್ಲದ ಎರಡನೇ ಲೈನಿನಾಗ ಕರೆಂಟ್ ತಿರುಗಿ ಹರೀತದ, ಅದರ ದೂರದ ರಿಲೇ "ಫಾಲ್ಟ್ ನನ್ನ ಮುಂದೇ ಅದ" ಅಂತ ತಿಳ್ಕೊಂತದ, "ಫಾಲ್ಟ್ ನನ್ನ ಮುಂದ ಅದ" ಅಂತ ಈ ತುದಿ ರಿಲೇ ಮೊದಲ ಅದಕ್ಕ ಕಳ್ಸಿದ ಸಿಗ್ನಲ್ಲೂ ಇನ್ನೂ ಆರಿರಂಗಿಲ್ಲ. ಎರಡೂ ಕೂಡಿ ಛಲೋ ಲೈನನ್ನೂ ಹಾರಸ್ತಾವ! ಅದಕ್ಕ ಕರೆಂಟ್ ಹಿಂದಕ್ಕ ಹರಿಯೋದು ಮೊದಲ ಕಂಡ ರಿಲೇಗ ಹತ್ತಾರು ಮಿಲಿಸೆಕೆಂಡ್ ತಡಿ ಅಂತ ಕಟ್ಟಿ ಹಾಕಿರ್ತಾರ.

ಉಳಿದ ಲೈನ್ ಸುಮ್ಮನ ಹಾರಿದ್ರ ಏನಾಗ್ತದ ಅಂತ 2012ರ ಜುಲೈ 30ಕ್ಕ ದೇಶ ನೋಡೇದ. ಮಧ್ಯಪ್ರದೇಶದ ಬಿನಾ-ಗ್ವಾಲಿಯರ್ ನಡುವ ಒಂದು ಲೈನ್ ಬಂದ್ ಇತ್ತು, ಉಳಿದದ್ರ ಮ್ಯಾಲ ಲೋಡ್ ಬಿತ್ತು, ಫಾಲ್ಟ್ ಇಲ್ಲದಿದ್ರೂ ರಿಲೇ ಆ ಲೋಡನ್ನೇ ಫಾಲ್ಟ್ ಅಂತ ತಿಳ್ಕೊಂಡು ಟ್ರಿಪ್ ಮಾಡ್ತು, ಉತ್ತರ ಭಾರತ ಕತ್ತಲಾಯ್ತು. ನಮಗ ತಟ್ಟಲಿಲ್ಲ, ಯಾಕಂದ್ರ ರಾಯಚೂರು-ಸೋಲಾಪುರ 765 ಕೆವಿ ಲೈನ್ ಬಂದು ದಕ್ಷಿಣದ ಗ್ರಿಡ್ (ಕರೆಂಟಿನ ಜಾಲ) ಉಳಿದ ದೇಶದ ಗ್ರಿಡ್ ಜೋಡಿ ಕೂಡಿದ್ದು 2013ರ ಡಿಸೆಂಬರ್ 31ಕ್ಕ. ಈಗ ನಾವೂ ಅದೇ ಗ್ರಿಡ್‌ನಾಗ ಅದೀವಿ.

ಈಗ ಡಿಫರೆನ್ಶಿಯಲ್ ರಿಲೇ ಹಾಕ್ತಾರ, ಒಂದು ತುದಿಗಿ ಹೋದ ಕರೆಂಟ್ ಇನ್ನೊಂದು ತುದಿಗಿ ಬಂತಾ ಅಂತ ಅಷ್ಟೇ ನೋಡ್ತದ, ಪಕ್ಕದ ಲೈನ್ ಅದನ್ನ ಮೋಸ ಮಾಡಾಕ ಆಗಂಗಿಲ್ಲ. ಎರಡೂ ತುದಿ ಮಾತಾಡೋದು ಟವರಿನ ನೆತ್ತಿ ಮ್ಯಾಲ ಇರೋ ಸಣ್ಣ ತಂತಿ ಒಳಗ. ಸಿಡ್ಲು ಹಿಡ್ಯಾಕ ಹಾಕಿದ ಆ ತಂತಿ ಹೊಟ್ಟ್ಯಾಗ ಈಗ ಕೂದಲಿನಷ್ಟು ಸಣ್ಣ ಫೈಬರ್ ಇರ್ತಾವ. ಫೈಬರ್ ಹರಿದ್ರ ಅಂತ ಹಳೇ ದೂರ ಅಳಿಯೋ ರಿಲೇನೂ ಬಿಟ್ಟಿಲ್ಲ, ಪಕ್ಕದಾಗ ಕುಂತೇ ಇರ್ತದ.