ಮೀಟರಿನಲ್ಲಿ 230, ಪರದೆಯಲ್ಲಿ ಸೊನ್ನೆ: ಬೇರೆ ಕಂಪನಿಯ ಸಾಧನ ಬಿಎಂಎಸ್‌ಗೆ ಏಕೆ ಸೇರುವುದಿಲ್ಲ?

ಪ್ರಶ್ನೆ: ನಮ್ಮದು ಎಂಟು ಮಹಡಿಯ ಕಚೇರಿ ಕಟ್ಟಡ. ಹತ್ತು ವರ್ಷದ ಹಿಂದೆ ಹಾಕಿಸಿದ ಬಿಎಂಎಸ್ (ಕಟ್ಟಡದ ಯಂತ್ರಗಳನ್ನೆಲ್ಲ ಒಂದೇ ಪರದೆಯಿಂದ ನೋಡಿಕೊಳ್ಳುವ ವ್ಯವಸ್ಥೆ) ಚೆನ್ನಾಗಿಯೇ ನಡೆಯುತ್ತಿದೆ. ಈ ವರ್ಷ ಬೇರೆ ಕಂಪನಿಯ ಎನರ್ಜಿ ಮೀಟರ್‌ಗಳನ್ನೂ ಎಸಿಗೆ ನೀರು ತಂಪು ಮಾಡಿಕೊಡುವ ಒಂದು ಹೊಸ ಚಿಲ್ಲರನ್ನೂ ಕೊಂಡೆವು. ಮೀಟರಿನವರು ಮಾಡ್‌ಬಸ್ ಇದೆ ಎಂದರು, ಚಿಲ್ಲರಿನವರು ಬ್ಯಾಕ್‌ನೆಟ್ ಇದೆ ಎಂದರು, ಬಿಎಂಎಸ್‌ನವರು ಸಾಧನಗಳು ಮಾತಾಡುವ ಈ ಎರಡು ಭಾಷೆಗಳನ್ನೂ ನಮ್ಮದು ಓದುತ್ತದೆ ಎಂದರು. ಆದರೆ ಮೀಟರಿನ ಮುಖದ ಮೇಲೆ 230 ವೋಲ್ಟ್ ಕಾಣುವಾಗ ಪರದೆಯಲ್ಲಿ ಸೊನ್ನೆ ಬರುತ್ತದೆ. ಚಿಲ್ಲರಿನ ಪತ್ತೆಯೇ ಇಲ್ಲ. ಇವರನ್ನು ಕೇಳಿದರೆ ಅವರ ತಪ್ಪು, ಅವರನ್ನು ಕೇಳಿದರೆ ಇವರ ತಪ್ಪು. ನಿಜವಾಗಿ ತಪ್ಪು ಯಾರದು? ಒಂದು ಭಾಷೆಯನ್ನು ಇನ್ನೊಂದಕ್ಕೆ ಅನುವಾದಿಸುವ ಗೇಟ್‌ವೇ ಪೆಟ್ಟಿಗೆ ಕೊಳ್ಳಲೇಬೇಕೆ?

ಉತ್ತರ: ಕಟ್ಟಡ ಬದಲಾಗುತ್ತದೆ, ಕಂಪನಿ ಬದಲಾಗುತ್ತದೆ, ಈ ಜಗಳ ಮಾತ್ರ ಎಲ್ಲೆಡೆ ಅದೇ. ಅರ್ಧ ದಿನ ಮೀಟಿಂಗ್ ಕೋಣೆಯಲ್ಲಿ ವಾದ ಮಾಡಿ, ಕೊನೆಗೆ ನೆಲಮಾಳಿಗೆಯ ಪ್ಯಾನೆಲ್ ತೆರೆದು ಹತ್ತು ನಿಮಿಷದಲ್ಲಿ ಮುಗಿಸಿದ ಸಂದರ್ಭಗಳನ್ನು ನಾನು ಲೆಕ್ಕವಿಟ್ಟಿಲ್ಲ. ನಿಮ್ಮ ವಿಷಯದಲ್ಲಿ ಮೂವರೂ ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಗೇಟ್‌ವೇಯೂ ಬೇಕಾಗಲಿಕ್ಕಿಲ್ಲ. ಕೊಳ್ಳುವ ಮೊದಲು ಕೇಳಬೇಕಿದ್ದ ಒಂದು ಕಾಗದವನ್ನು ಯಾರೂ ಕೇಳಲಿಲ್ಲ, ಅಷ್ಟೇ. ಆ ಕಾಗದ ಯಾವುದೆಂದು ಹೇಳುವ ಮೊದಲು ನಿಮ್ಮ ಸೊನ್ನೆ ಎಲ್ಲಿಂದ ಹುಟ್ಟಿತು ಎಂದು ನೋಡೋಣ.

ಮಾಡ್‌ಬಸ್ 1979ರ ಕೂಸು. ಮಾಡಿಕಾನ್ ಎಂಬ ಕಂಪನಿ ಕಾರ್ಖಾನೆಗಳಲ್ಲಿ ಯಂತ್ರಗಳನ್ನು ನಡೆಸುವ ತನ್ನ ಪಿಎಲ್‌ಸಿ ಎಂಬ ಪುಟ್ಟ ಕಂಪ್ಯೂಟರ್‌ಗಳಿಗಾಗಿ ಮಾಡಿಕೊಂಡ ಪದ್ಧತಿ ಅದು. ಅಪಾರ್ಟ್‌ಮೆಂಟಿನ ಕೆಳಗೆ ಸಾಲಾಗಿ ಅಂಚೆಪೆಟ್ಟಿಗೆಗಳಿರುತ್ತವಲ್ಲ, ಮೀಟರಿನ ಒಳಗಿರುವುದೂ ಅಂಥದೇ ಸಾಲು. ಪ್ರತಿ ಪೆಟ್ಟಿಗೆಗೂ ಸಂಖ್ಯೆಯಿದೆ, ಹೆಸರಿಲ್ಲ. ಒಳಗಿರುವುದು ವೋಲ್ಟೇಜೋ ಕರೆಂಟೋ ಯೂನಿಟ್ಟೋ ಎಂದು ಪೆಟ್ಟಿಗೆ ಹೇಳುವುದಿಲ್ಲ. ಈ ಪೆಟ್ಟಿಗೆಗೆ ರಿಜಿಸ್ಟರ್ ಎನ್ನುತ್ತಾರೆ. ಅದರಲ್ಲಿ ಹಿಡಿಸುವುದು 16 ಬಿಟ್, ಅಂದರೆ 0ಯಿಂದ 65535ರವರೆಗಿನ ಒಂದು ಪೂರ್ಣಾಂಕ ಮಾತ್ರ. ದಶಮಾಂಶವಿರುವ ಸಂಖ್ಯೆಯನ್ನು ಇಡಬೇಕಾದರೆ ಬಹುಪಾಲು ಮೀಟರ್‌ಗಳು ಅದನ್ನು 32 ಬಿಟ್‌ನ ಫ್ಲೋಟ್ ಆಗಿ ಮಾಡಿ, ಎರಡು ತುಂಡಾಗಿಸಿ ಅಕ್ಕಪಕ್ಕದ ಎರಡು ರಿಜಿಸ್ಟರ್‌ಗಳಲ್ಲಿ ಇಡುತ್ತವೆ.

ಈಗ ನಿಮ್ಮ 230 ವೋಲ್ಟನ್ನೇ ತೆಗೆದುಕೊಳ್ಳಿ. ಫ್ಲೋಟ್ ರೂಪದಲ್ಲಿ ಅದರ ಮೊದಲ ತುಂಡು 17254, ಎರಡನೆಯ ತುಂಡು 0. ಈ ಎರಡನ್ನೂ ಸರಿಯಾದ ಕ್ರಮದಲ್ಲಿ ಜೋಡಿಸಿದರೆ 230 ಬರುತ್ತದೆ. ಬಿಎಂಎಸ್ ಹಿಂದುಮುಂದಾಗಿ ಜೋಡಿಸಿದರೆ ದಶಮಾಂಶ ಬಿಂದುವಿನ ನಂತರ ನಲವತ್ತು ಸೊನ್ನೆಗಳಾದ ಮೇಲೆ ಎಲ್ಲೋ ಒಂದು ಅಂಕಿ ಇರುವ ಸಂಖ್ಯೆ ಸಿಗುತ್ತದೆ, ಪರದೆ ಅದನ್ನು 0.00 ಎಂದು ತೋರಿಸುತ್ತದೆ. ಫ್ಲೋಟ್ ಎಂಬುದನ್ನೇ ಮರೆತು ಮೊದಲ ರಿಜಿಸ್ಟರನ್ನು ಮಾತ್ರ ಓದಿದರೆ 17254 ವೋಲ್ಟ್! ತಮಾಷೆ ಇಲ್ಲಿಗೆ ಮುಗಿಯುವುದಿಲ್ಲ. ವೋಲ್ಟೇಜು ಕೊಂಚ ಏರಿ 231.4 ಆಯಿತೆನ್ನಿ. ಆಗ ತುಂಡುಗಳು 17255 ಮತ್ತು 26214. ಇವನ್ನು ತಿರುಗಿಸಿ ಜೋಡಿಸಿದರೆ ಬರುವುದು ಇಪ್ಪತ್ನಾಲ್ಕು ಅಂಕಿಗಳ ದೈತ್ಯ ಸಂಖ್ಯೆ. ನಿಮ್ಮ ಪರದೆಯಲ್ಲಿ ಒಮ್ಮೆ ಸೊನ್ನೆ, ಮರುಕ್ಷಣ ಅರ್ಥವಿಲ್ಲದ ಭಾರೀ ಅಂಕಿ, ಮತ್ತೆ ಸೊನ್ನೆ ಎಂದು ಕುಣಿಯುತ್ತಿದ್ದರೆ ಬೇರೆ ಪರೀಕ್ಷೆ ಬೇಡ, ರೋಗ ಇದೇ. ಮೀಟರಿಗೂ ಕೇಬಲಿಗೂ ಏನೂ ಆಗಿಲ್ಲ. ಬಿಎಂಎಸ್ ಸೆಟ್ಟಿಂಗಿನಲ್ಲಿ ರಿಜಿಸ್ಟರ್‌ಗಳ ಕ್ರಮವನ್ನು ಅದಲುಬದಲು ಮಾಡುವ ಒಂದು ಆಯ್ಕೆ ಇರುತ್ತದೆ. ಅದನ್ನು ಬದಲಿಸಿ ನೋಡಿ.

ಕ್ರಮ ಸರಿಯಾದ ಮೇಲೂ ಅಂಕಿ ತಪ್ಪಿದ್ದರೆ ವಿಳಾಸ ಒಂದು ಪೆಟ್ಟಿಗೆ ಆಚೀಚೆ ಆಗಿದೆಯೇ ನೋಡಬೇಕು. ಹಳೆಯ ರೂಢಿಯಂತೆ ಕೈಪಿಡಿಯಲ್ಲಿ 40001 ಎಂದು ಬರೆದ ರಿಜಿಸ್ಟರ್ ತಂತಿಯ ಮೇಲೆ ಹೋಗುವಾಗ ವಿಳಾಸ 0 ಆಗಿರುತ್ತದೆ. ಕೆಲವು ಕಂಪನಿಗಳು ಕೈಪಿಡಿಯಲ್ಲಿ ಒಂದರಿಂದ ಎಣಿಸುತ್ತವೆ, ಕೆಲವು ಸೊನ್ನೆಯಿಂದ. ಬಿಎಂಎಸ್ ಇದಕ್ಕೆ ವಿರುದ್ಧವಾಗಿ ಎಣಿಸಿದರೆ ಆರ್ ಫೇಸಿನ ಅರ್ಧ ತುಂಡು ವೈ ಫೇಸಿನ ಅರ್ಧ ತುಂಡಿನ ಜೊತೆ ಸಂಸಾರ ಹೂಡುತ್ತದೆ. ಒಂದು ಕೂಡಿಸಿ ಅಥವಾ ಒಂದು ಕಳೆದು ಓದಿದರೆ ಗೊತ್ತಾಗಿಬಿಡುತ್ತದೆ.

ವೋಲ್ಟೇಜು ಸರಿಯಿದ್ದು ಕಿಲೋವ್ಯಾಟ್ ಮಾತ್ರ ಅಸಂಬದ್ಧವಾಗಿದ್ದರೆ ಸಿಟಿ (ದೊಡ್ಡ ಕರೆಂಟನ್ನು ಮೀಟರಿಗೆ ತಕ್ಕಷ್ಟು ಇಳಿಸಿ ಕೊಡುವ ಟ್ರಾನ್ಸ್‌ಫಾರ್ಮರ್) ಅನುಪಾತದ ಕಡೆ ನೋಡಿ. 400/5 ಸಿಟಿ ಎಂದರೆ 80ರ ಗುಣಕ. ಅದನ್ನು ಮೀಟರಿನಲ್ಲಿ ಹಾಕಿ, ಗೊತ್ತಿಲ್ಲದೆ ಬಿಎಂಎಸ್‌ನಲ್ಲೂ ಹಾಕಿದರೆ ಲೆಕ್ಕ 80 ಪಟ್ಟು ಹಿಗ್ಗುತ್ತದೆ. ಇದು ತಕ್ಷಣ ಕಣ್ಣಿಗೆ ಬೀಳುವ ತಪ್ಪು. ಯಾರೂ ಎಲ್ಲಿಯೂ ಹಾಕದಿರುವುದೇ ಹೆಚ್ಚು ಅಪಾಯಕಾರಿ, ಏಕೆಂದರೆ ಕಡಿಮೆ ಬಂದ ಬಿಲ್ಲಿನ ಬಗ್ಗೆ ಬಾಡಿಗೆದಾರರು ದೂರು ಕೊಟ್ಟಿದ್ದನ್ನು ನಾನಂತೂ ಕಂಡಿಲ್ಲ.

ಕೇಬಲ್ ವಿಷಯ ಬೇಗ ಮುಗಿಸುತ್ತೇನೆ. ಮೀಟರಿನಿಂದ ಏನೋ ಒಂದು ಅಂಕಿ ಸ್ಥಿರವಾಗಿ ಬರುತ್ತಿದೆ ಎಂದಾದರೆ ಕೇಬಲ್ ಮಟ್ಟಿಗೆ ಸರಿ ಎಂದೇ ಅರ್ಥ. ಏನೂ ಬರದಿದ್ದರೆ ಮೊದಲು ಮೀಟರ್‌ಗಳನ್ನು ಜೋಡಿಸುವ ಆರ್‌ಎಸ್-485 ಕೇಬಲಿನ ಎ, ಬಿ ಎಂಬ ಎರಡು ತಂತಿಗಳನ್ನು ಅದಲುಬದಲು ಮಾಡಿ ನೋಡಿ. ಒಂದು ಕಂಪನಿಯ ಎ ಇನ್ನೊಂದು ಕಂಪನಿಯ ಬಿ ಆಗಿರುವುದು ಈ ಕ್ಷೇತ್ರದ ಹಳೆಯ ಅವಮಾನ. ಬಾಡ್ ರೇಟ್ (ಮಾತಿನ ವೇಗ) ಮತ್ತು ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್) ಎರಡೂ ಕಡೆ ಒಂದೇ ಇರಬೇಕು, ಮೀಟರ್‌ಗಳ ವಿಳಾಸ 1ರಿಂದ 247ರೊಳಗೆ ಬೇರೆ ಬೇರೆ ಇರಬೇಕು. ಹೊಸ ಮೀಟರ್‌ಗಳೆಲ್ಲ ಸಾಮಾನ್ಯವಾಗಿ 1 ಎಂಬ ವಿಳಾಸ ಹೊತ್ತೇ ಪೆಟ್ಟಿಗೆಯಿಂದ ಹೊರಬರುತ್ತವೆ. ಕೇಬಲ್ ಒಂದು ಮೀಟರಿನಿಂದ ಮುಂದಿನ ಮೀಟರಿಗೆ ಸಾಲಾಗಿ ಹೋಗಬೇಕು, ನಕ್ಷತ್ರದಂತೆ ಕವಲೊಡೆಯಬಾರದು. ಸಾಲಿನ ಎರಡೂ ತುದಿಗಳಲ್ಲಿ, ತುದಿಗಳಲ್ಲಿ ಮಾತ್ರ, 120 ಓಮ್‌ನ ರೆಸಿಸ್ಟರ್ ಇರಬೇಕು.

ನಿಮಗೆ ಮುಂದೆ ಎದುರಾಗುವ ಇನ್ನೊಂದು ದೂರನ್ನು ಈಗಲೇ ಹೇಳಿಬಿಡುತ್ತೇನೆ: ‘ಎಲ್ಲ ಬರುತ್ತಿದೆ, ಆದರೆ ತುಂಬ ನಿಧಾನ’. ಮಾಡ್‌ಬಸ್‌ನ ಸಾಲಿನಲ್ಲಿ ಕೇಳುವವನು ಒಬ್ಬನೇ, ಒಂದು ಸಲಕ್ಕೆ ಒಬ್ಬರನ್ನೇ ಕೇಳುತ್ತಾನೆ. 30 ಮೀಟರ್‌ಗಳಿಂದ ತಲಾ 20 ಅಂಕಿಗಳನ್ನು ಬಿಡಿಬಿಡಿಯಾಗಿ ಓದಿಸಿದರೆ 600 ಪ್ರಶ್ನೆಗಳಾದವು. ಒಂದಕ್ಕೆ 50 ಮಿಲಿಸೆಕೆಂಡ್ ಹಿಡಿದರೂ ಒಂದು ಸುತ್ತಿಗೆ ಅರ್ಧ ನಿಮಿಷ. ಅದೇ 20 ಅಂಕಿಗಳು ಅಕ್ಕಪಕ್ಕದಲ್ಲಿದ್ದರೆ ಮೀಟರಿಗೆ ಒಂದೇ ಪ್ರಶ್ನೆಯಲ್ಲಿ ಇಡೀ ಗುಂಪನ್ನು ತರಿಸಬಹುದು, ಒಂದು ಸಲಕ್ಕೆ 125 ರಿಜಿಸ್ಟರ್‌ಗಳವರೆಗೆ ಅವಕಾಶವಿದೆ. ಆಗ ಸುತ್ತು ನಾಲ್ಕೈದು ಸೆಕೆಂಡಿಗೆ ಇಳಿಯುತ್ತದೆ. ಇನ್ನು ಯಾರೋ ಎಲೆಕ್ಟ್ರಿಷಿಯನ್ ಒಂದು ಮೀಟರನ್ನು ಆಫ್ ಮಾಡಿಟ್ಟರೆ, ಬಿಎಂಎಸ್ ಆ ಸತ್ತ ಮೀಟರಿನ ಬಾಗಿಲಲ್ಲಿ ನಿಂತು ಒಂದೊಂದು ಅಂಕಿಗೂ ಮೂರು ಸಲ, ಸಲಕ್ಕೆ ಒಂದು ಸೆಕೆಂಡಿನಂತೆ ಕೂಗುತ್ತದೆ. 20 ಅಂಕಿಗೆ ಒಂದು ನಿಮಿಷ ಅಲ್ಲೇ ಹೋಯಿತು. ಉಳಿದ 29 ಮೀಟರ್‌ಗಳು ಸುಮ್ಮನೆ ಕಾಯುತ್ತಿರುತ್ತವೆ.

ಇನ್ನು ಚಿಲ್ಲರ್. ಬ್ಯಾಕ್‌ನೆಟ್ ಹುಟ್ಟಿದ್ದೇ ಕಟ್ಟಡಗಳಿಗಾಗಿ. ಅಮೆರಿಕದ ಎಸಿ ಎಂಜಿನಿಯರುಗಳ ಆಶ್ರೇ ಸಂಸ್ಥೆ 1987ರಲ್ಲಿ ಸಮಿತಿ ಮಾಡಿ, 1995ರಲ್ಲಿ ಇದನ್ನು ಮಾನದಂಡವಾಗಿ ಪ್ರಕಟಿಸಿತು. 2003ರಲ್ಲಿ ಐಎಸ್‌ಒ ಕೂಡ ಒಪ್ಪಿಕೊಂಡಿತು. ಇಲ್ಲಿ ಪೆಟ್ಟಿಗೆಗಳಿಗೆ ಹೆಸರಿದೆ, ಘಟಕವಿದೆ, ಸ್ಥಿತಿಯಿದೆ. ಬಿಎಂಎಸ್ ‘ಯಾರಿದ್ದೀರಿ?’ ಎಂದು ಕೂಗಿದರೆ ಸಾಧನಗಳು ‘ನಾನಿದ್ದೇನೆ’ ಎಂದು ತಾವಾಗಿಯೇ ಹಾಜರಿ ಹೇಳುತ್ತವೆ. ಎಷ್ಟು ಚೆಂದದ ಏರ್ಪಾಡು! ಹಾಗಾದರೆ ನಿಮ್ಮ ಚಿಲ್ಲರ್ ಏಕೆ ಓಗೊಡುತ್ತಿಲ್ಲ?

ಮೊದಲು ವಿಚಾರಿಸಬೇಕಾದ್ದು ಬ್ಯಾಕ್‌ನೆಟ್ ಕಾರ್ಡ್ ನಿಜವಾಗಿ ಒಳಗೆ ಕೂತಿದೆಯೇ ಎಂದು. ಮಾರಾಟದವರ ಭಾಷೆಯಲ್ಲಿ ‘ಬ್ಯಾಕ್‌ನೆಟ್ ಇದೆ’ ಎಂದರೆ ‘ದುಡ್ಡು ಕೊಟ್ಟರೆ ಇದೆ’ ಎಂದೂ ಆಗಬಹುದು. ಒಮ್ಮೆ ಒಬ್ಬರು ನನ್ನೆದುರು ಗೇಟ್‌ವೇ ಬೇಡವೇ ಬೇಡ ಎಂದು ಆಣೆ ಮಾಡಿ, ಮರುವಾರ ‘ಇಂಟರ್‌ಫೇಸ್ ಮಾಡ್ಯೂಲ್’ ಎಂಬುದಕ್ಕೆ ದರಪಟ್ಟಿ ಕಳುಹಿಸಿದರು. ಅಳಿಯ ಅಲ್ಲ, ಮಗಳ ಗಂಡ.

ಕಾರ್ಡ್ ಇದೆ ಎಂದಾದರೆ ಅದು ಯಾವ ಬಗೆಯದು ಎಂದು ಕೇಳಿ. ಈಥರ್ನೆಟ್ ಮೇಲೆ ಹೋಗುವ ಬ್ಯಾಕ್‌ನೆಟ್ ಐಪಿ ಬೇರೆ, ಎರಡು ತಂತಿಯ ಮೇಲೆ ಹೋಗುವ ಎಂಎಸ್‌ಟಿಪಿ ಬೇರೆ. ಚಿಲ್ಲರಿನಲ್ಲಿ ಎರಡನೆಯದಿದ್ದು ನಿಮ್ಮ ಬಿಎಂಎಸ್‌ನಲ್ಲಿ ಮೊದಲನೆಯದು ಮಾತ್ರ ಇದ್ದರೆ ನಡುವೆ ಒಂದು ರೂಟರ್ ಬೇಕು. ಎರಡೂ ಐಪಿಯಾಗಿದ್ದೂ ಕಾಣದಿದ್ದರೆ ಐಟಿ ವಿಭಾಗದವರ ಬಳಿಗೆ ಕಾಫಿ ಹಿಡಿದುಕೊಂಡು ಹೋಗಿ. ‘ಯಾರಿದ್ದೀರಿ’ ಎಂಬ ಕೂಗು ಬ್ರಾಡ್‌ಕಾಸ್ಟ್ ಆದ್ದರಿಂದ ಅದು ಜಾಲದ ಒಂದು ಭಾಗ, ಅಂದರೆ ಸಬ್‌ನೆಟ್ ದಾಟಿ ಇನ್ನೊಂದಕ್ಕೆ ಹೋಗುವುದಿಲ್ಲ. ಚಿಲ್ಲರ್ ಪ್ಲಾಂಟ್ ಒಂದು ವಿಎಲ್‌ಎಎನ್‌ನಲ್ಲಿ (ಐಟಿಯವರು ಬೇರ್ಪಡಿಸಿದ ಜಾಲದ ಭಾಗ), ಬಿಎಂಎಸ್ ಸರ್ವರ್ ಇನ್ನೊಂದರಲ್ಲಿ ಇದ್ದರೆ ಆ ಕೂಗನ್ನು ಆಚೆಗೆ ದಾಟಿಸುವ ಬಿಬಿಎಂಡಿ ಎಂಬ ದೂತನನ್ನು ನೇಮಿಸಬೇಕು. ಅದು ಹೆಚ್ಚಾಗಿ ನಿಮ್ಮ ಕಂಟ್ರೋಲರ್‌ನಲ್ಲೇ ಇರುತ್ತದೆ, ಆನ್ ಮಾಡಿರುವುದಿಲ್ಲ. ಫೈರ್‌ವಾಲ್‌ನಲ್ಲಿ 47808 ಎಂಬ ಯುಡಿಪಿ ಪೋರ್ಟ್ ತೆರೆದಿರಬೇಕು. ಈ ವಿಚಿತ್ರ ಸಂಖ್ಯೆಯನ್ನು ಹದಿನಾರರ ಪದ್ಧತಿಯಲ್ಲಿ ಬರೆದರೆ ಬಿಎಸಿ0 (BAC0) ಎಂದಾಗುತ್ತದೆ. ಸಮಿತಿಯಲ್ಲಿದ್ದವರಿಗೂ ಹಾಸ್ಯಪ್ರಜ್ಞೆ ಇತ್ತು. ಕೊನೆಯದಾಗಿ, ಪ್ರತಿ ಸಾಧನಕ್ಕೂ ಒಂದು ಡಿವೈಸ್ ಇನ್‌ಸ್ಟೆನ್ಸ್ ಸಂಖ್ಯೆ ಇರುತ್ತದೆ, ಇಡೀ ಜಾಲದಲ್ಲಿ ಅದು ಇನ್ನೊಬ್ಬರಿಗೆ ಇರಕೂಡದು. ಕಾರ್ಖಾನೆಯ ಸಂಖ್ಯೆಯನ್ನು ಬದಲಿಸದೆ ಎರಡು ಚಿಲ್ಲರ್ ಜೋಡಿಸಿದರೆ ಒಮ್ಮೆ ಒಂದು, ಒಮ್ಮೆ ಇನ್ನೊಂದು ಕಾಣುತ್ತ ನಿಮ್ಮನ್ನು ಹುಚ್ಚು ಹಿಡಿಸುತ್ತವೆ.

ಇಲ್ಲಿಯವರೆಗೆ ಮಾತಾಡಿದ್ದು ಓದುವುದರ ಬಗ್ಗೆ. ಓದುವಾಗ ತಪ್ಪಿದರೆ ಅಂಕಿ ಕೆಡುತ್ತದೆ, ಬರೆಯುವಾಗ ತಪ್ಪಿದರೆ ಯಂತ್ರ ಕೆಡುತ್ತದೆ. ಹಾಗಾಗಿ ಹೊಸ ಸಾಧನವನ್ನು ಕೆಲವು ವಾರ ಓದಲಿಕ್ಕೆ ಮಾತ್ರ ಇಟ್ಟುಕೊಳ್ಳಿ ಎಂಬುದು ನನ್ನ ಹಟ.

ನಾನೇ ಎಡವಿದ್ದನ್ನು ಹೇಳುತ್ತೇನೆ. ಒಂದು ಕಟ್ಟಡದಲ್ಲಿ ಭಾನುವಾರವೂ ಒಂದು ಎಎಚ್‌ಯು (ತಂಪು ಗಾಳಿಯನ್ನು ಕೋಣೆಗಳಿಗೆ ತಳ್ಳುವ ಯಂತ್ರ) ಓಡುತ್ತಿತ್ತು. ವೇಳಾಪಟ್ಟಿಯಲ್ಲಿ ಆಫ್ ಎಂದೇ ಇದೆ, ನಾನು ಮೂರು ಸಲ ಬರೆದು ನೋಡಿದೆ, ಫ್ಯಾನ್ ನಿಲ್ಲಲಿಲ್ಲ. ಕಂಟ್ರೋಲರ್ ಕೆಟ್ಟಿದೆ ಎಂದು ವರದಿಯನ್ನೂ ಬರೆದೆ. ಕಾರಣ ಬೇರೆಯೇ ಇತ್ತು. ಬ್ಯಾಕ್‌ನೆಟ್‌ನಲ್ಲಿ ಆದೇಶಗಳಿಗೆ 16 ಮೆಟ್ಟಿಲುಗಳಿವೆ, ಸಣ್ಣ ಸಂಖ್ಯೆಯದೇ ದೊಡ್ಡ ಮಾತು. ಕೈಯಾರೆ ಕೊಡುವ ಆದೇಶಕ್ಕೆ 8ನೇ ಮೆಟ್ಟಿಲು, ನಮ್ಮ ವೇಳಾಪಟ್ಟಿ ಇದ್ದದ್ದು 16ರಲ್ಲಿ. ಯಾವುದೋ ರಾತ್ರಿ ಪಾಳಿಯವರು ತುರ್ತಿಗೆ 8ರಲ್ಲಿ ಆನ್ ಎಂದು ಬರೆದು ಮನೆಗೆ ಹೋಗಿದ್ದರು. ಅದನ್ನು ಹಿಂತೆಗೆದುಕೊಳ್ಳಲು ಆಫ್ ಎಂದು ಬರೆದರೆ ಸಾಲದು, ಆಗ ಅದು 8ರಲ್ಲಿ ಆಫ್ ಆಗಿ ಕೂತುಬಿಡುತ್ತದೆ, ಸೋಮವಾರ ಬೆಳಿಗ್ಗೆ ಯಂತ್ರ ಏಳುವುದೇ ಇಲ್ಲ. ಆ ಮೆಟ್ಟಿಲಿಗೆ ನಲ್ ಎಂದು ಬರೆದು ಖಾಲಿ ಮಾಡಬೇಕು. ನನ್ನ ವರದಿಯನ್ನು ನಾನೇ ಹಿಂತೆಗೆದುಕೊಂಡೆ.

ಮಾಡ್‌ಬಸ್‌ನಲ್ಲಿ ಇಂಥ ಮೆಟ್ಟಿಲುಗಳೇ ಇಲ್ಲ, ಕೊನೆಗೆ ಬರೆದವನ ಮಾತೇ ಮಾತು. ಅಲ್ಲಿನ ಅಪಾಯ ಬೇರೆ. ಕೆಲವು ಸಾಧನಗಳು ಸೆಟ್‌ಪಾಯಿಂಟನ್ನು, ಅಂದರೆ ನಾವು ಗೊತ್ತುಮಾಡಿದ ಗುರಿಯ ಅಂಕಿಯನ್ನು, ಕರೆಂಟು ಹೋದರೂ ಅಳಿಯದ ಇಇಪ್ರಾಮ್ ಮೆಮೊರಿಯಲ್ಲಿ ಉಳಿಸುತ್ತವೆ. ಅಂಥ ಮೆಮೊರಿ ಸುಮಾರು ಒಂದು ಲಕ್ಷ ಸಲ ಬರೆಸಿಕೊಂಡು ಸವೆಯುವಂಥದಾಗಿದ್ದು, ಬಿಎಂಎಸ್ ಹತ್ತು ಸೆಕೆಂಡಿಗೊಮ್ಮೆ ಅದೇ 7 ಡಿಗ್ರಿಯನ್ನು ಬರೆಯುತ್ತಿದ್ದರೆ ಹನ್ನೆರಡು ದಿನಕ್ಕೆ ಅದರ ಆಯಸ್ಸು ಮುಗಿಯಿತು. ಅಂಕಿ ಬದಲಾದಾಗ ಮಾತ್ರ ಬರೆಯುವಂತೆ ಹೇಳಿ. ಬೆಂಕಿಯಾದಾಗ ಎಎಚ್‌ಯು ನಿಲ್ಲಿಸುವಂಥ ಸುರಕ್ಷತೆಯ ಕೆಲಸವನ್ನು ಯಾವ ಜಾಲಕ್ಕೂ ಒಪ್ಪಿಸಬೇಡಿ. ಅದಕ್ಕೆ ನೇರ ತಂತಿ, ರಿಲೇ ಇರಲಿ. ಮಾಡ್‌ಬಸ್‌ಗೆ ಪಾಸ್‌ವರ್ಡ್ ಎಂಬುದೇ ಇಲ್ಲ ಎಂಬುದೂ ನೆನಪಿರಲಿ: ಅದು ಓಡುವ ಜಾಲ ಕಚೇರಿಯ ವೈಫೈಯಿಂದ ಬೇರೆಯಾಗಿರಬೇಕು.

ಈಗ ಆ ಕಾಗದ. ಮಾಡ್‌ಬಸ್ ಸಾಧನಕ್ಕೆ ರಿಜಿಸ್ಟರ್ ಮ್ಯಾಪ್: ಯಾವ ವಿಳಾಸದಲ್ಲಿ ಏನಿದೆ, ಪೂರ್ಣಾಂಕವೋ ಫ್ಲೋಟೋ, ಕ್ರಮ ಯಾವುದು, ಘಟಕ ಯಾವುದು, ಬರೆಯಬಹುದೇ. ಬ್ಯಾಕ್‌ನೆಟ್ ಸಾಧನಕ್ಕೆ ಪಾಯಿಂಟ್ (ಓದುವ, ಬರೆಯುವ ಒಂದೊಂದು ಅಂಶ) ಪಟ್ಟಿ ಮತ್ತು ಬ್ಯಾಕ್‌ನೆಟ್‌ನ ಏನೇನು ತನಗೆ ಬರುತ್ತದೆ ಎಂದು ತಿಳಿಸುವ ಪಿಕ್ಸ್ ಎಂಬ ಘೋಷಣೆ. ಬ್ಯಾಕ್‌ನೆಟ್ ಪರೀಕ್ಷೆಯಲ್ಲಿ ಪಾಸಾದದ್ದಕ್ಕೆ ಸಿಗುವ ಬಿಟಿಎಲ್ ಮುದ್ರೆಯಿದ್ದರೆ ಇನ್ನೂ ಒಳ್ಳೆಯದು, ಆದರೆ ನಿಮಗೆ ಬೇಕಾದ ಪಾಯಿಂಟ್ ಒಳಗಿದೆ ಎಂದು ಆ ಮುದ್ರೆ ಹೇಳುವುದಿಲ್ಲ. ಖರೀದಿ ಆದೇಶ ಹೊರಡುವ ಮೊದಲೇ ಈ ಹಾಳೆಯನ್ನು ಬಿಎಂಎಸ್‌ನವರ ಕೈಗೆ ಕೊಟ್ಟು, ಬೇಕಾದ ಪ್ರತಿ ಸಾಲಿಗೂ ಗುರುತು ಹಾಕಿಸಿ ಸಹಿ ಪಡೆಯಬೇಕಿತ್ತು. ನಿಮಗೆ ಆ ಸಮಯ ಮೀರಿದೆ, ಆದರೂ ಈಗಲೇ ತರಿಸಿ. ಮಾದರಿಯ ಹೆಸರಿನ ಜೊತೆಗೆ ಫರ್ಮ್‌ವೇರ್ (ಸಾಧನದ ಒಳಗಿನ ತಂತ್ರಾಂಶ) ಆವೃತ್ತಿಯನ್ನೂ ಹೊಂದಿಸಿ ನೋಡಿ, ಆವೃತ್ತಿ ಬದಲಾದರೆ ಮ್ಯಾಪ್ ಕೂಡ ಬದಲಾಗುವುದುಂಟು.

ಗೇಟ್‌ವೇ ಬೇಕೇ ಎಂದು ಕೇಳಿದ್ದಿರಿ. ನಿಮ್ಮ ಬಿಎಂಎಸ್ ಎರಡೂ ಭಾಷೆ ಬಲ್ಲದ್ದಾದರೆ ಬೇಡ. ಕೊಂಡರೆ ಜಗಳಕ್ಕೆ ನಾಲ್ಕನೆಯವರು ಸೇರುತ್ತಾರೆ, ಅವರ ಕಾನ್ಫಿಗರೇಶನ್ ಫೈಲ್ ಯಾರದೋ ಲ್ಯಾಪ್‌ಟಾಪ್‌ನಲ್ಲಿ ಉಳಿದು ಆ ವ್ಯಕ್ತಿ ಕೆಲಸ ಬಿಟ್ಟಿರುತ್ತಾರೆ. ನಾಳೆ ಬೆಳಿಗ್ಗೆ ಒಂದೇ ಒಂದು ಮೀಟರನ್ನು ಸಾಲಿನಿಂದ ಬಿಡಿಸಿ. ಯುಎಸ್‌ಬಿಯಿಂದ ಆರ್‌ಎಸ್-485ಕ್ಕೆ ಬದಲಿಸುವ ಕೇಬಲ್ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿ, ಯಾವುದಾದರೂ ಮಾಡ್‌ಬಸ್ ಓದುವ ತಂತ್ರಾಂಶದಲ್ಲಿ ವೋಲ್ಟೇಜಿನ ಎರಡು ರಿಜಿಸ್ಟರ್‌ಗಳನ್ನು ತೆರೆಯಿರಿ. ಅಲ್ಲಿ 17254ರ ಆಸುಪಾಸಿನ ಅಂಕಿ ಕಂಡರೆ ಮೀಟರಿನವರನ್ನು ಮನೆಗೆ ಕಳುಹಿಸಿ, ಬಿಎಂಎಸ್‌ನವರನ್ನು ಕೂರಿಸಿಕೊಳ್ಳಿ.